ಯುಎಲ್‌ಎಕ್ಸ್‌ಗಳ ಜೋಡಿ ನಕ್ಷತ್ರವನ್ನು ಪತ್ತೆ ಮಾಡುವುದು ಹೇಗೆ?

ಹತ್ತಿರದ ಯಾವುದಾದರೂ ಗೆಲಾಕ್ಸಿಯ ಎಕ್ಸ್-ರೇ ಚಿತ್ರ ತೆರೆದು ನೋಡಿ. ಕೆಲವೊಮ್ಮೆ ಕೇಂದ್ರದಿಂದ ಸಾಕಷ್ಟು ದೂರದಲ್ಲಿ, ಸುರುಳಿ ತೋಳಿನ ಬದಿಯಲ್ಲೆಲ್ಲೋ, ಒಂದೇ ಒಂದು ಚುಕ್ಕೆ ಸುತ್ತಲಿನ ಚುಕ್ಕೆಗಳನ್ನೆಲ್ಲ ಮಂಕು ಮಾಡಿ ಬೆಳಗುತ್ತಿರುತ್ತದೆ. ಅದರ ಎಕ್ಸ್-ರೇ ಹೊಳಪು ಸೆಕೆಂಡಿಗೆ 10³⁹ ಅರ್ಗ್ ದಾಟಿದರೆ ಅದನ್ನು ಅಲ್ಟ್ರಾಲೂಮಿನಸ್ ಎಕ್ಸ್-ರೇ ಸೋರ್ಸ್ ಅಂತಾರೆ, ಚಿಕ್ಕದಾಗಿ ಯುಎಲ್‌ಎಕ್ಸ್. ಬೀಳುವ ಅನಿಲವನ್ನು ಬೆಳಕಿನ ಒತ್ತಡವೇ ಹೊರಗೆ ತಳ್ಳಿಬಿಡುವ ಹೊಳಪಿಗೆ ಎಡಿಂಗ್ಟನ್ ಮಿತಿ ಅಂತ ಹೆಸರು. ಸೂರ್ಯನ ಹತ್ತರಷ್ಟು ದ್ರವ್ಯರಾಶಿಯ ಕಪ್ಪು ರಂಧ್ರಕ್ಕೆ ಈ ಮಿತಿಯೇ ಸುಮಾರು 1.3 × 10³⁹. ನ್ಯೂಟ್ರಾನ್ ನಕ್ಷತ್ರದ್ದಾದರೆ 2 × 10³⁸ನ್ನೂ ಮುಟ್ಟುವುದಿಲ್ಲ. ಹಾಗಾದರೆ ಇಷ್ಟೊಂದು ಹೊಳಪು ಎಲ್ಲಿಂದ ಬಂತು?

1978ರಲ್ಲಿ ಹಾರಿದ ಐನ್‌ಸ್ಟೈನ್ ದೂರದರ್ಶಕದ ಕಾಲದಿಂದಲೂ ಈ ಚುಕ್ಕೆಗಳು ಗೊತ್ತು. ಸೂರ್ಯನ ನೂರಾರು, ಸಾವಿರಾರು ಪಟ್ಟು ದ್ರವ್ಯರಾಶಿಯ ಕಪ್ಪು ರಂಧ್ರಗಳಿರಬಹುದು ಅಂತ ಬಹಳ ಕಾಲ ಹಲವರು ಅಂದುಕೊಂಡಿದ್ದರು. 2014ರಲ್ಲಿ ಎಂ82 ಗೆಲಾಕ್ಸಿಯ ಎಕ್ಸ್-2 ಎಂಬ ಯುಎಲ್‌ಎಕ್ಸ್ 1.37 ಸೆಕೆಂಡಿಗೊಮ್ಮೆ ಮಿಡಿಯುವುದು ನ್ಯೂಸ್ಟಾರ್ ದೂರದರ್ಶಕಕ್ಕೆ ಸಿಕ್ಕಿತು. ಕಪ್ಪು ರಂಧ್ರ ಹೀಗೆ ಲಯವಾಗಿ ಮಿಡಿಯುವುದಿಲ್ಲ, ಅಂದರೆ ಅದು ನ್ಯೂಟ್ರಾನ್ ನಕ್ಷತ್ರ! ಎಡಿಂಗ್ಟನ್ ಮಿತಿಯನ್ನು ಹತ್ತಾರು ಪಟ್ಟು ಮೀರಿ ನುಂಗಬಲ್ಲ ನ್ಯೂಟ್ರಾನ್ ನಕ್ಷತ್ರಗಳೂ ಇವೆ ಅಂತಾಯಿತು. ಹಾಗಾಗಿ ಹೊಳಪು ನೋಡಿ ತೂಕ ಹೇಳುವ ದಾರಿ ಮುಚ್ಚಿತು. ಈಗ ತೂಕ ಹೇಳಬೇಕೆಂದರೆ ಪಕ್ಕದಲ್ಲಿದ್ದು ಅನಿಲ ಉಣಿಸುತ್ತಿರುವ ಜೋಡಿ ನಕ್ಷತ್ರವನ್ನೇ ಹಿಡಿಯಬೇಕು.

ಆ ನಕ್ಷತ್ರವನ್ನು ಹುಡುಕುವಾಗ ಎರಡು ಪ್ರಶ್ನೆಗಳು ಬರುತ್ತವೆ. ಎಕ್ಸ್-ರೇ ಬರುತ್ತಿರುವ ಜಾಗದಲ್ಲಿ ಯಾವ ಚುಕ್ಕೆ ಇದೆ ಎನ್ನುವುದು ಒಂದು. ಆ ಚುಕ್ಕೆಯ ಬೆಳಕು ನಿಜಕ್ಕೂ ನಕ್ಷತ್ರದ್ದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದೂ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಈ ಲೇಖನ ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ.

ಶುರು ಮಾಡುವ ಮುನ್ನ

ಬೇಕಾದ ದತ್ತಾಂಶ ಬಹುಪಾಲು ಉಚಿತ. ಎಕ್ಸ್-ರೇಗೆ ಚಂದ್ರ ದೂರದರ್ಶಕದ ಸಂಗ್ರಹ, ಹಬಲ್ ಮತ್ತು ಜೇಮ್ಸ್ ವೆಬ್ ಚಿತ್ರಗಳಿಗೆ ಮಾಸ್ಟ್ ಸಂಗ್ರಹ, ಗೆಲಾಕ್ಸಿಗಳ ದೂರಕ್ಕೆ ನೆಡ್, ನಕ್ಷತ್ರಗಳ ಖಚಿತ ಸ್ಥಾನಕ್ಕೆ ಗಯಾ. ಚಿತ್ರ ನೋಡಲು ಡಿಎಸ್9, ಪಟ್ಟಿಗಳನ್ನು ಹೊಂದಿಸಲು ಟಾಪ್‌ಕ್ಯಾಟ್, ಎಕ್ಸ್-ರೇ ಕೆಲಸಕ್ಕೆ ಸಿಐಎಒ, ನಕ್ಷತ್ರಗಳ ಹೊಳಪು ಅಳೆಯಲು ಡಾಲ್‌ಫಾಟ್ ಸಾಕು.

ಗುರಿ ಆಯ್ದುಕೊಳ್ಳುವಾಗ ದೂರಕ್ಕೆ ಮೊದಲ ಮಣೆ. ಒಂದು ಕೋಟಿ ಪಾರ್ಸೆಕ್ (ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ), ಅಂದರೆ 10 ಮೆಗಾಪಾರ್ಸೆಕ್ ಒಳಗಿದ್ದರೆ ಬಿಡಿ ನಕ್ಷತ್ರಗಳನ್ನು ಹಬಲ್ ಬೇರೆ ಬೇರೆಯಾಗಿ ತೋರಿಸುವ ಆಸೆ ಇಟ್ಟುಕೊಳ್ಳಬಹುದು. ಆಕಾಶದಲ್ಲಿ ಕೋನ ಅಳೆಯುವ ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. 4 ಮೆಗಾಪಾರ್ಸೆಕ್‌ನಲ್ಲಿ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 19 ಪಾರ್ಸೆಕ್. 10ರಲ್ಲಿ ಅದೇ ಒಂದು ಆರ್ಕ್‌ಸೆಕೆಂಡ್ 48 ಪಾರ್ಸೆಕ್ ಆಗುತ್ತದೆ, ಇಡೀ ನಕ್ಷತ್ರಗುಚ್ಛವೇ ಅದರೊಳಗೆ ಕೂತುಬಿಡುತ್ತದೆ. ಇನ್ನೊಂದು ಮಾತು: ಒಂದೇ ಗೆಲಾಕ್ಸಿಗೆ ನೆಡ್‌ನಲ್ಲಿ ಹತ್ತಾರು ದೂರಗಳು ಸಿಗುತ್ತವೆ. ಸೆಫೀಡ್ ನಕ್ಷತ್ರಗಳಿಂದ ಅಥವಾ ಕೆಂಪು ದೈತ್ಯಗಳ ತುದಿಯಿಂದ ಅಳೆದ ದೂರ ಇದ್ದರೆ ಅದನ್ನೇ ತೆಗೆದುಕೊಳ್ಳಿ. ದೂರದಲ್ಲಿ 20 ಶೇಕಡಾ ತಪ್ಪಿದರೆ ಎಕ್ಸ್-ರೇ ಹೊಳಪು 44 ಶೇಕಡಾ ತಪ್ಪುತ್ತದೆ, ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) 0.4ರಷ್ಟು ಸರಿಯುತ್ತದೆ.

ಹಂತ 1: ಅದು ಯುಎಲ್‌ಎಕ್ಸ್ ಹೌದಾ?

ಪಟ್ಟಿಯಲ್ಲಿ ಹೆಸರಿದೆ ಅಂತ ನಂಬಬೇಡಿ. ಗೆಲಾಕ್ಸಿಯ ಕೇಂದ್ರದಲ್ಲಿದ್ದರೆ ಅದು ದೈತ್ಯ ಕಪ್ಪು ರಂಧ್ರ ಇರಬಹುದು, ಕೈಬಿಡಿ. ಎನ್‌ಜಿಸಿ 1313ರ ಎಕ್ಸ್-3 ಪ್ರಖರ ಎಕ್ಸ್-ರೇ ಮೂಲ ನಿಜ, ಆದರೆ ಅದು 1978ಕೆ ಎಂಬ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ. ಅಲ್ಲಿ ಜೋಡಿ ಹುಡುಕಿ ಫಲವಿಲ್ಲ. ಹೊಳಪು ದಿನ, ತಿಂಗಳುಗಳಲ್ಲಿ ಏರಿಳಿಯುತ್ತಿದ್ದರೆ ಒಳ್ಳೆಯ ಸೂಚನೆ. ಸೂಪರ್‌ನೋವಾ ಅವಶೇಷ ಹಾಗೆ ಕುಣಿಯುವುದಿಲ್ಲ.

ಆಮೇಲೆ ಉಳಿಯುವ ದೊಡ್ಡ ಕಾಟ ಹಿನ್ನೆಲೆಯ ಕ್ವೇಸಾರ್‌ಗಳದ್ದು, ಅಂದರೆ ದೈತ್ಯ ಕಪ್ಪು ರಂಧ್ರದಿಂದ ಬೆಳಗುವ ದೂರದ ಗೆಲಾಕ್ಸಿ ಕೇಂದ್ರಗಳದ್ದು. ಗೆಲಾಕ್ಸಿಯ ಹಿಂದೆ ಎಷ್ಟೋ ಪಟ್ಟು ದೂರದಲ್ಲಿರುವ ಕ್ವೇಸಾರ್ ಗೆಲಾಕ್ಸಿಯೊಳಗೇ ಇದ್ದಂತೆ ಕಾಣುತ್ತದೆ. ಗೆಲಾಕ್ಸಿಯ ಅಂಚಿನಲ್ಲಿ, ನಕ್ಷತ್ರಗಳೇ ಇಲ್ಲದ ಕಡೆ ಯುಎಲ್‌ಎಕ್ಸ್ ಕಂಡರೆ ನನಗಂತೂ ಮೊದಲ ಅನುಮಾನ ಇದರ ಮೇಲೆಯೇ.

ಹಂತ 2: ಎರಡು ಚಿತ್ರಗಳನ್ನು ಒಂದೇ ನಕ್ಷೆಗೆ ಕೂರಿಸುವುದು

ಇಡೀ ಕೆಲಸದ ಜೀವಾಳ ಇದೇ. ಸಮಯ ಇಲ್ಲೇ ಸುರಿಯಿರಿ.

ಚಂದ್ರದ ಒಂದು ಪಿಕ್ಸೆಲ್ ಸುಮಾರು 0.49 ಆರ್ಕ್‌ಸೆಕೆಂಡ್, ಹಬಲ್‌ನ ಎಸಿಎಸ್ ಕ್ಯಾಮೆರಾದ್ದು 0.05. ಎಕ್ಸ್ಎಂಎಂ-ನ್ಯೂಟನ್ ಎಂಬ ಇನ್ನೊಂದು ಎಕ್ಸ್-ರೇ ದೂರದರ್ಶಕ ಬೆಳಕು ಜಾಸ್ತಿ ಹಿಡಿಯುತ್ತದೆ, ಆದರೆ ಅದರಲ್ಲಿ ಚುಕ್ಕೆ ಹಲವು ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಜೋಡಿ ಹುಡುಕಲು ಚಂದ್ರ ಬಿಟ್ಟರೆ ಗತಿಯಿಲ್ಲ. ಆ ಚಂದ್ರ ಕೊಡುವ ಸ್ಥಾನವೂ ಹಾಗೆಯೇ ಬಿಟ್ಟರೆ ಮುಕ್ಕಾಲು ಆರ್ಕ್‌ಸೆಕೆಂಡ್ ಆಚೀಚೆ ಇರಬಹುದು. ಇದನ್ನು ತಗ್ಗಿಸಬೇಕೆಂದರೆ ಎಕ್ಸ್-ರೇಯಲ್ಲೂ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕಾಣುವ ಬೇರೆ ಚುಕ್ಕೆಗಳು ಬೇಕು. ನಮ್ಮದೇ ಗೆಲಾಕ್ಸಿಯ ನಕ್ಷತ್ರಗಳು, ಹಿನ್ನೆಲೆಯ ಕ್ವೇಸಾರ್‌ಗಳು, ಗೋಳಗುಚ್ಛಗಳು ಇದಕ್ಕೆ ಆಗುತ್ತವೆ.

ತೊಂದರೆ ಏನೆಂದರೆ ಎಸಿಎಸ್ ಚಿತ್ರ ಬರೀ 202 ಆರ್ಕ್‌ಸೆಕೆಂಡ್ ಅಗಲ. ಅಷ್ಟು ಚಿಕ್ಕ ಕಿಟಕಿಯಲ್ಲಿ ಎರಡೂ ಕಡೆ ಕಾಣುವ ಚುಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ಗಯಾ ಬಂದ ಮೇಲೆ ಇದು ಸಲೀಸಾಗಿದೆ. ಹಬಲ್ ಚಿತ್ರವನ್ನು ಗಯಾಗೆ ಹೊಂದಿಸಿ, ಚಂದ್ರದ ಇಡೀ ಕ್ಯಾಮೆರಾ ಚಿಪ್‌ನಲ್ಲಿ ಸಿಗುವ ಚುಕ್ಕೆಗಳನ್ನೂ ಗಯಾಗೇ ಹೊಂದಿಸಿ. ಎರಡರ ನಡುವೆ ನೇರ ಪರಿಚಯ ಬೇಕಿಲ್ಲ, ಮಧ್ಯಸ್ಥರು ಸಾಕು. ಮಾಸ್ಟ್‌ನಲ್ಲಿ ಈಗ ಸಿಗುವ ಹಬಲ್ ಚಿತ್ರಗಳಲ್ಲಿ ಬಹಳಷ್ಟು ಮೊದಲೇ ಗಯಾಗೆ ಹೊಂದಿಸಿದವು. ಆದರೂ ಡಿಎಸ್9ನಲ್ಲಿ ಗಯಾ ನಕ್ಷತ್ರಗಳ ಗುರುತು ಹಾಕಿ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.

ಕೆಲಸದ ಕ್ರಮ ಹೀಗೆ. ಯುಎಲ್‌ಎಕ್ಸ್ ಚಿತ್ರದ ನಡುವಿಗೆ ಹತ್ತಿರ, ಎರಡು ಮೂರು ಆರ್ಕ್‌ಮಿನಿಟ್ ಒಳಗೆ ಬಿದ್ದಿರುವ ಚಂದ್ರ ವೀಕ್ಷಣೆಗಳನ್ನೇ ಆರಿಸಿ. ಅಂಚಿಗೆ ಹೋದಂತೆ ಚುಕ್ಕೆ ಸೊಟ್ಟಗಾಗಿ ಹರಡುತ್ತದೆ. 0.5ರಿಂದ 7 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಪಟ್ಟಿಯಲ್ಲಿ ಸಿಐಎಒದ ವೇವ್‌ಡಿಟೆಕ್ಟ್ ಓಡಿಸಿ ಚುಕ್ಕೆಗಳ ಪಟ್ಟಿ ತೆಗೆಯಿರಿ. ಹಲವು ವೀಕ್ಷಣೆಗಳಿದ್ದರೆ ಮೊದಲು ಅವನ್ನು ಅತಿ ಉದ್ದದ ವೀಕ್ಷಣೆಗೆ ಹೊಂದಿಸಿ, ಆಮೇಲೆ ಒಟ್ಟುಗೂಡಿಸಿ. ಗಯಾ ನಕ್ಷತ್ರಗಳನ್ನು ವೀಕ್ಷಣೆಯ ವರ್ಷಕ್ಕೆ ಸರಿಸುವುದನ್ನು ಮರೆಯಬೇಡಿ. ಗಯಾದ ಮೂರನೇ ಬಿಡುಗಡೆಯ ಸ್ಥಾನಗಳು 2016ರವು. ವರ್ಷಕ್ಕೆ 10 ಮಿಲಿಆರ್ಕ್‌ಸೆಕೆಂಡ್ ಸರಿಯುವ ನಕ್ಷತ್ರ 2001ರ ಚಂದ್ರ ಚಿತ್ರದಲ್ಲಿ 0.15 ಆರ್ಕ್‌ಸೆಕೆಂಡ್ ಆಚೆ ಇರುತ್ತದೆ. ನಾವು ಒದ್ದಾಡುತ್ತಿರುವುದೇ ಅಷ್ಟು ಅಂತರಕ್ಕೆ, ಅಲ್ವಾ?

ಎರಡು ಮೂರೇ ಹೊಂದಾಣಿಕೆಗಳಿದ್ದರೆ ಚಿತ್ರವನ್ನು ಪಕ್ಕಕ್ಕೆ ಸರಿಸುವುದಷ್ಟೇ ಮಾಡಿ, ತಿರುಗಿಸುವ ಗೋಜಿಗೆ ಹೋಗಬೇಡಿ. ಇನ್ನು ಯುಎಲ್‌ಎಕ್ಸನ್ನೇ ಹೊಂದಾಣಿಕೆಗೆ ಬಳಸುವುದಂತೂ ಬೇಡವೇ ಬೇಡ. ಹತ್ತಿರದ ನೀಲಿ ಚುಕ್ಕೆಗೆ ಅದನ್ನು ಕಟ್ಟಿಬಿಟ್ಟರೆ ಆಮೇಲೆ ಆ ನೀಲಿ ಚುಕ್ಕೆಯೇ ಜೋಡಿ ಅಂತ ಬರುತ್ತದೆ, ಬರದೆ ಇನ್ನೇನು?

ಹಂತ 3: ಅನಿಶ್ಚಿತತೆಯ ವೃತ್ತ ಎಳೆಯಿರಿ

ಎಕ್ಸ್-ರೇ ಚುಕ್ಕೆಯ ಸ್ವಂತ ದೋಷ ಮತ್ತು ಹೊಂದಾಣಿಕೆಯ ದೋಷ, ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಿರಿ. ಒಂದು ಲೆಕ್ಕ ನೋಡೋಣ. ನಮ್ಮ ಯುಎಲ್‌ಎಕ್ಸ್ 4 ಮೆಗಾಪಾರ್ಸೆಕ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಸ್ವಂತ ದೋಷ 0.10, ಹೊಂದಾಣಿಕೆಯ ದೋಷ 0.15 ಆರ್ಕ್‌ಸೆಕೆಂಡ್. ಒಟ್ಟು 0.18. ಇದು ಒಂದೊಂದು ಅಕ್ಷಕ್ಕೆ. ಎರಡು ಆಯಾಮದಲ್ಲಿ 95 ಶೇಕಡಾ ವೃತ್ತಕ್ಕೆ 2.45ರಿಂದ ಗುಣಿಸಬೇಕು, ಎರಡರಿಂದ ಅಲ್ಲ. ತ್ರಿಜ್ಯ 0.44 ಆರ್ಕ್‌ಸೆಕೆಂಡ್ ಬಂತು, ವಿಸ್ತೀರ್ಣ ಸುಮಾರು 0.6 ಚದರ ಆರ್ಕ್‌ಸೆಕೆಂಡ್.

ಆ ಭಾಗದಲ್ಲಿ ಹಬಲ್‌ಗೆ ಕಾಣುವ ನಕ್ಷತ್ರಗಳು ಚದರ ಆರ್ಕ್‌ಸೆಕೆಂಡಿಗೆ ಒಂದೂವರೆ ಇದ್ದರೆ, ನಮ್ಮ ವೃತ್ತದೊಳಗೆ ಸುಮ್ನೆ ಅಕಸ್ಮಾತ್ತಾಗಿಯೇ 0.9 ನಕ್ಷತ್ರ ಬೀಳುತ್ತದೆ. ಹೊಂದಾಣಿಕೆ ಮಾಡದೆ 0.8 ಆರ್ಕ್‌ಸೆಕೆಂಡ್ ತ್ರಿಜ್ಯ ಇಟ್ಟುಕೊಂಡಿದ್ದರೆ ಮೂರು ನಕ್ಷತ್ರ ಬೀಳುತ್ತಿದ್ದವು. ಅಂದರೆ ವೃತ್ತದೊಳಗೆ ಒಂದು ನಕ್ಷತ್ರ ಇದೆ ಎನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಕಾಂತಿಮಾನ 24ಕ್ಕಿಂತ ಪ್ರಖರವಾದ ನೀಲಿ ನಕ್ಷತ್ರಗಳಷ್ಟನ್ನೇ ಎಣಿಸಿದಾಗ ಸಾಂದ್ರತೆ 0.1 ಇದ್ದರೆ, ಅಂಥದ್ದೊಂದು ಅಕಸ್ಮಾತ್ತಾಗಿ ಒಳಗೆ ಬೀಳುವ ಸಾಧ್ಯತೆ 6 ಶೇಕಡಾ ಮಾತ್ರ. ಇದು ಹೇಳಿಕೊಳ್ಳುವಂಥ ಸಂಖ್ಯೆ. ಒಂದು ಷರತ್ತು ಇದೆ: ಪ್ರಖರ ಮತ್ತು ನೀಲಿ ಎಂಬ ಗೆರೆಯನ್ನು ವೃತ್ತದೊಳಗೆ ಇಣುಕುವ ಮೊದಲೇ ಎಳೆದಿರಬೇಕು. ಒಳಗಿರುವುದನ್ನು ನೋಡಿ ಅದಕ್ಕೆ ಹೊಂದುವ ಗೆರೆ ಎಳೆದರೆ ಆ 6 ಶೇಕಡಾಗೆ ಅರ್ಥವಿಲ್ಲ.

ಸಾಂದ್ರತೆಯನ್ನು ಅಳೆಯುವುದೂ ಆ ಸುತ್ತಮುತ್ತಲಲ್ಲೇ, ಐದು ಹತ್ತು ಆರ್ಕ್‌ಸೆಕೆಂಡ್ ಒಳಗೆ. ಯುಎಲ್‌ಎಕ್ಸ್‌ಗಳು ಎಳೆಯ ನಕ್ಷತ್ರಗಳ ಹತ್ತಿರ ಇರುವುದು ಸಾಮಾನ್ಯ, ಅಲ್ಲಿ ದಟ್ಟಣೆ ಗೆಲಾಕ್ಸಿಯ ಸರಾಸರಿಗಿಂತ ಜಾಸ್ತಿ.

ಹಂತ 4: ಹೊಳಪು, ಬಣ್ಣ

ನಕ್ಷತ್ರಗಳು ಒತ್ತೊತ್ತಾಗಿರುವ ಕಡೆ ಸರಳ ವೃತ್ತ ಹಾಕಿ ಬೆಳಕು ಕೂಡಿಸುವ ವಿಧಾನ ನಡೆಯುವುದಿಲ್ಲ. ಡಾಲ್‌ಫಾಟ್‌ನಂಥ, ಒಂದೊಂದು ನಕ್ಷತ್ರಕ್ಕೂ ಚುಕ್ಕೆಯ ಆಕಾರ ಹೊಂದಿಸುವ ಸಾಧನ ಬೇಕು. ಅದು ಕೊಡುವ ತೀಕ್ಷ್ಣತೆ ಮತ್ತು ದಟ್ಟಣೆಯ ಸೂಚ್ಯಂಕಗಳನ್ನು ನೋಡಿ. ಚುಕ್ಕೆ ಅಗತ್ಯಕ್ಕಿಂತ ಅಗಲವಾಗಿದ್ದರೆ ಅದು ಒಂದು ನಕ್ಷತ್ರವಲ್ಲ, ಗುಚ್ಛ.

ಫಿಲ್ಟರ್ ಬಗ್ಗೆ ಒಂದು ಎಚ್ಚರಿಕೆ. ಎಫ್606ಡಬ್ಲ್ಯೂ ಫಿಲ್ಟರ್ ಹೈಡ್ರೋಜನ್ ಆಲ್ಫಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಫ್555ಡಬ್ಲ್ಯೂ ಆಮ್ಲಜನಕದ 5007 ಆಂಗ್‌ಸ್ಟ್ರಮ್ ರೇಖೆಯನ್ನು ಬಿಟ್ಟುಕೊಳ್ಳುತ್ತದೆ. ಯುಎಲ್‌ಎಕ್ಸ್‌ಗಳ ಸುತ್ತ ಹಲವು ಸಲ ಹೊಳೆಯುವ ನೆಬ್ಯುಲಾ, ಅಂದರೆ ಅನಿಲದ ಮೋಡ, ಇರುವುದರಿಂದ ನಕ್ಷತ್ರದ ಲೆಕ್ಕಕ್ಕೆ ಅದರ ಬೆಳಕೂ ಸೇರಿಕೊಳ್ಳುತ್ತದೆ. ಈ ರೇಖೆಗಳನ್ನು ಒಳಗೆ ಬಿಡದ ಎಫ್547ಎಂ ಚಿತ್ರ ಇದ್ದರೆ ಬಳಸಿ, ಇಲ್ಲದಿದ್ದರೆ ಹಿನ್ನೆಲೆ ಕಳೆಯುವಾಗ ಮೈಯೆಲ್ಲಾ ಕಣ್ಣಾಗಿರಿ.

ಮುಂದೆ ದೂಳಿನ ಲೆಕ್ಕ. ನಮ್ಮ ಹಾಲುಹಾದಿಯ ದೂಳು ಎಷ್ಟು ಬೆಳಕು ನುಂಗುತ್ತದೆ ಎಂಬ ನಕ್ಷೆ ಇದೆ. ಆ ಗೆಲಾಕ್ಸಿಯೊಳಗಿನ ದೂಳನ್ನು ಸುತ್ತಲಿನ ನಕ್ಷತ್ರಗಳ ಬಣ್ಣದಿಂದಲೋ ನೆಬ್ಯುಲಾದ ಹೈಡ್ರೋಜನ್ ರೇಖೆಗಳಿಂದಲೋ ಅಂದಾಜಿಸಬೇಕು. ಎಕ್ಸ್-ರೇ ರೋಹಿತದಿಂದ ಸಿಗುವ ಹೈಡ್ರೋಜನ್ ಪ್ರಮಾಣವನ್ನು (ಚದರ ಸೆಂಟಿಮೀಟರಿಗೆ ಎಷ್ಟು ಪರಮಾಣು) 2.2 × 10²¹ರಿಂದ ಭಾಗಿಸಿದರೆ ದೂಳು ಎಷ್ಟು ಕಾಂತಿಮಾನ ನುಂಗಿದೆ ಅಂತ ಬರುತ್ತದೆ, ಸುಲಭ. ಆದರೆ ಆ ಅನಿಲದ ಒಂದು ಪಾಲು ಮೂಲದ ಮೈಗೇ ಅಂಟಿಕೊಂಡಿದ್ದು, ನಕ್ಷತ್ರದ ಬೆಳಕಿಗೆ ಅದು ಅಡ್ಡ ಬರದೇ ಇರಬಹುದು. ಹಾಗಾಗಿ ಈ ಸಂಖ್ಯೆಯನ್ನು ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ, ಅಷ್ಟೆ.

ನಮ್ಮ ಉದಾಹರಣೆಯಲ್ಲಿ ಚುಕ್ಕೆಯ ಕಾಂತಿಮಾನ 23.0, ದೂಳಿನ ಪಾಲು 0.3, 4 ಮೆಗಾಪಾರ್ಸೆಕ್‌ನ ದೂರಮಾನ (ದೂರದಿಂದಾಗಿ ಕಾಂತಿಮಾನಕ್ಕೆ ಸೇರುವ ಸಂಖ್ಯೆ) 28.0. ನಿಜವಾದ ಕಾಂತಿಮಾನ −5.3. ಒ ಅಥವಾ ಬಿ ವರ್ಗದ ಬಿಸಿ ನಕ್ಷತ್ರಕ್ಕೆ ಸರಿಹೊಂದುವ ಸಂಖ್ಯೆ. ಇಲ್ಲಿ ಖುಷಿಪಟ್ಟು ನಿಲ್ಲಿಸಬೇಡಿ.

ಹಂತ 5: ಕ್ವೇಸಾರ್, ಮುನ್ನೆಲೆ ನಕ್ಷತ್ರಗಳನ್ನು ಸೋಸುವುದು

ಎಕ್ಸ್-ರೇ ಹೊಳಪಿಗೂ ಕಣ್ಣಿಗೆ ಕಾಣುವ ಹೊಳಪಿಗೂ ಇರುವ ಅನುಪಾತ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಕ್ಸ್-ರೇ ಫ್ಲಕ್ಸ್‌ನ (ನಮ್ಮನ್ನು ಮುಟ್ಟುವ ಹೊಳಪು) ಲಾಗ್ ತೆಗೆದು, ಅದಕ್ಕೆ ದೂಳಿನ ಪಾಲು ಕಳೆದ ವಿ (ಹಸಿರು-ಹಳದಿ ಬೆಳಕಿನ) ಕಾಂತಿಮಾನವನ್ನು 2.5ರಿಂದ ಭಾಗಿಸಿ ಕೂಡಿಸಿ, ಕೊನೆಗೆ 5.37 ಸೇರಿಸಿ. ನಮ್ಮ ಮೂಲದ ಹೊಳಪು 3 × 10³⁹ ಆದರೆ ಫ್ಲಕ್ಸ್ 1.6 × 10⁻¹², ಉತ್ತರ ಸುಮಾರು 2.6 ಬರುತ್ತದೆ. ಸಾಧಾರಣ ಕ್ವೇಸಾರ್‌ಗಳು −1ರಿಂದ 1.7ರ ನಡುವೆ ಬೀಳುತ್ತವೆ, ನಮ್ಮ ಹಾಲುಹಾದಿಯ ಮಾಮೂಲಿ ನಕ್ಷತ್ರಗಳು −1ಕ್ಕಿಂತ ಕೆಳಗೆ. 2 ದಾಟಿದರೆ ಯುಎಲ್‌ಎಕ್ಸ್ ಪರ ಬಲವಾದ ಸಾಕ್ಷ್ಯ. ಎರಡು ವೀಕ್ಷಣೆಗಳು ಬೇರೆ ಬೇರೆ ವರ್ಷದವಾದರೆ, ನಡುವೆ ಎಕ್ಸ್-ರೇ ಹತ್ತು ಪಟ್ಟು ಏರಿಳಿದಿದ್ದರೆ, ಈ ಅನುಪಾತವೂ ಒಂದು ಪೂರ್ತಿ ಅಂಕ ಸರಿಯುತ್ತದೆ ಎನ್ನುವುದು ನೆನಪಿರಲಿ. ಗಯಾದಲ್ಲಿ ಅದೇ ಚುಕ್ಕೆಗೆ ಚಲನೆ ಅಥವಾ ಲಂಬನ (ಭೂಮಿ ಸುತ್ತುವುದರಿಂದ ಕಾಣುವ ಸ್ಥಾನಪಲ್ಲಟ) ದಾಖಲಾಗಿದ್ದರೆ ಅದು ನಮ್ಮ ನೆರೆಯ ನಕ್ಷತ್ರ, ಕಥೆ ಮುಗಿಯಿತು.

ಕೊನೆಯ ಮಾತು ರೋಹಿತದ್ದು. ರೇಖೆಗಳು ಗೆಲಾಕ್ಸಿಯದೇ ವೇಗ ತೋರಿಸಬೇಕು. ಸೆಕೆಂಡಿಗೆ 10⁴² ಅರ್ಗ್ ಮುಟ್ಟುವ ಎಚ್‌ಎಲ್‌ಎಕ್ಸ್-1 ನಿಜಕ್ಕೂ ಇಎಸ್ಒ 243-49 ಗೆಲಾಕ್ಸಿಯದೇ ಎಂದು ನಂಬಿಕೆ ಬಂದದ್ದು 2010ರಲ್ಲಿ, ಅದರ ಹೈಡ್ರೋಜನ್ ಆಲ್ಫಾ ರೇಖೆ ಗೆಲಾಕ್ಸಿಯ ಕೆಂಪು ಪಲ್ಲಟಕ್ಕೆ (ದೂರ ಸರಿಯುವುದರಿಂದ ರೇಖೆಗಳು ಕೆಂಪಿನತ್ತ ಜಾರುವುದು) ಹೊಂದಿದ ಮೇಲೆಯೇ. ನೆಬ್ಯುಲಾ ಕೂಡ ಸಾಕ್ಷಿ ಹೇಳುತ್ತದೆ. ಹೋಮ್‌ಬರ್ಗ್ 2ರ ಎಕ್ಸ್-1ರ ಸುತ್ತ ಅಯಾನೀಕೃತ ಹೀಲಿಯಂನ 4686 ಆಂಗ್‌ಸ್ಟ್ರಮ್ ಬೆಳಕು ಹಬ್ಬಿದೆ. ಅಷ್ಟು ಹೀಲಿಯಂ ಹೊಳೆಯಬೇಕಾದರೆ ಪ್ರಬಲ ಎಕ್ಸ್-ರೇ ದೀಪ ಅಲ್ಲೇ, ಆ ಗೆಲಾಕ್ಸಿಯೊಳಗೇ ಉರಿಯುತ್ತಿರಬೇಕು.

ಹಂತ 6: ಬೆಳಕು ನಕ್ಷತ್ರದ್ದಾ, ತಟ್ಟೆಯದ್ದಾ?

ಜೋಡಿಯಿಂದ ಸುರಿಯುವ ಅನಿಲ ನೇರವಾಗಿ ಬೀಳುವುದಿಲ್ಲ, ಸುತ್ತುತ್ತಾ ತಟ್ಟೆಯಾಗುತ್ತದೆ. ತಟ್ಟೆಯ ಹೊರ ಅಂಚು ಒಳಗಿನ ಎಕ್ಸ್-ರೇಯಿಂದ ಕಾದು ನೀಲಿಯಾಗಿ ಬೆಳಗುತ್ತದೆ. −4ರಿಂದ −7ರ ಕಾಂತಿಮಾನ, ನೀಲಿ ಬಣ್ಣ, ಎರಡನ್ನೂ ನಕ್ಷತ್ರವೇ ಇಲ್ಲದೆ ತಟ್ಟೆಯೊಂದೇ ಕೊಡಬಲ್ಲದು. ನೀಲಿ ಚುಕ್ಕೆ ಕಂಡ ಕೂಡಲೇ ‘ಒ ವರ್ಗದ ಸೂಪರ್‌ಜೈಂಟ್’ ಎಂದು ಬರೆದ ಹಳೆಯ ಗುರುತಿಸುವಿಕೆಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಬೇರ್ಪಡಿಸಲು ಮೊದಲ ದಾರಿ, ಅತಿನೇರಳೆಯಿಂದ ಅವಕೆಂಪಿನವರೆಗೆ ಒಂದೇ ಕಾಲದಲ್ಲಿ ತೆಗೆದ ಚಿತ್ರಗಳು. ನಕ್ಷತ್ರದ ಬೆಳಕು ಒಂದು ತಾಪಮಾನದ ಸುತ್ತ ಗುಡ್ಡದಂತೆ ಏರಿಳಿಯುತ್ತದೆ, ತಟ್ಟೆಯದ್ದು ನೀಳವಾದ ಇಳಿಜಾರು. ಎರಡನೆಯದು ಏರಿಳಿತ. ಎಕ್ಸ್-ರೇ ಏರಿದಾಗ ಚುಕ್ಕೆಯೂ ಪ್ರಖರವಾದರೆ ಬೆಳಕಿನಲ್ಲಿ ದೊಡ್ಡ ಪಾಲು ಎಕ್ಸ್-ರೇ ಕಾಯಿಸಿದ್ದು. ಮೂರನೆಯದು ರೋಹಿತ. ಅಗಲವಾದ ಹೀಲಿಯಂ 4686 ರೇಖೆ ತಟ್ಟೆಯಿಂದಲೋ ಅದು ಊದುವ ಗಾಳಿಯಿಂದಲೋ ಬರುತ್ತದೆ, ಕಿರಿದಾದದ್ದು ನೆಬ್ಯುಲಾದ್ದು. ನಕ್ಷತ್ರದ ಗುರುತು ಬೇಕೆಂದರೆ ಅದರ ವಾತಾವರಣದ ಹೀರಿಕೆ ರೇಖೆಗಳೇ ಕಾಣಬೇಕು.

ಹೀಲಿಯಂ ರೇಖೆಯ ವೇಗ ಅಳೆದು ಕಪ್ಪು ರಂಧ್ರ ತೂಗಬಹುದು ಎಂಬ ಆಸೆ ಬಹಳ ಜನಕ್ಕಿತ್ತು. ಹೋಮ್‌ಬರ್ಗ್ 9ರ ಎಕ್ಸ್-1 ಮತ್ತು ಎನ್‌ಜಿಸಿ 1313ರ ಎಕ್ಸ್-2 ಎರಡರಲ್ಲೂ ಪ್ರಯತ್ನ ನಡೆಯಿತು. ರೇಖೆ ಆಚೀಚೆ ಸರಿದಾಡಿತು, ಆದರೆ ಲಯವಿಲ್ಲದೆ. ಕಕ್ಷೆಯ ಲೆಕ್ಕ ಹೇಳಬೇಕಿದ್ದ ರೇಖೆ ಗಾಳಿಯ ಕುಣಿತ ಹೇಳುತ್ತಿತ್ತು.

ಗೆದ್ದ ಕಡೆ ಏನು ನಡೆಯಿತು ನೋಡಿ. ಎನ್‌ಜಿಸಿ 7793ರ ಪಿ13ರ ಚುಕ್ಕೆ ಸಾಕಷ್ಟು ಪ್ರಖರ, ಸುತ್ತ ಗದ್ದಲ ಕಡಿಮೆ. ಅದರ ರೋಹಿತದಲ್ಲಿ ಬಿ9 ಸೂಪರ್‌ಜೈಂಟಿನ ಹೀರಿಕೆ ರೇಖೆಗಳು ನೇರವಾಗಿ ಕಂಡವು. ಬೆಳಕು ಸುಮಾರು 64 ದಿನಕ್ಕೊಮ್ಮೆ ಏರಿಳಿಯುತ್ತಿತ್ತು. ನಕ್ಷತ್ರ ಸೂರ್ಯನ 18ರಿಂದ 23ರಷ್ಟು, ಹಾಗಾಗಿ ಎದುರಿನದು 15ಕ್ಕಿಂತ ಕಡಿಮೆ ಎಂದು 2014ರಲ್ಲಿ ಹೇಳಲಾಯಿತು. ಎರಡು ವರ್ಷದ ನಂತರ ಅದೇ ಮೂಲದಲ್ಲಿ 0.42 ಸೆಕೆಂಡಿನ ಮಿಡಿತ ಸಿಕ್ಕಿ, ಅದು ನ್ಯೂಟ್ರಾನ್ ನಕ್ಷತ್ರ ಎಂದಾಯಿತು. ಜೋಡಿ ನಕ್ಷತ್ರ ಹಾಕಿಕೊಟ್ಟ ಮಿತಿಯೊಳಗೇ ಉತ್ತರ ಬಿತ್ತು. ಎಂ101ರ ಯುಎಲ್‌ಎಕ್ಸ್-1ರಲ್ಲಿ ಸಿಕ್ಕಿದ್ದು ವುಲ್ಫ್-ರಾಯೆ ನಕ್ಷತ್ರ (ಹೊರಪದರ ಕಳಚಿಕೊಂಡ ಬಿಸಿ ನಕ್ಷತ್ರ), ಕಕ್ಷೆ 8.2 ದಿನ.

ನೀಲಿಗೆ ಮಾತ್ರ ಅಂಟಿಕೊಳ್ಳಬೇಡಿ

ಹಬಲ್‌ನ ನೀಲಿ ಚಿತ್ರಗಳಲ್ಲಿ ಹುಡುಕಿದರೆ ನೀಲಿಯೇ ಸಿಗುತ್ತದೆ, ಅದರಲ್ಲೇನು ಆಶ್ಚರ್ಯ? ಕೆಂಪು ಸೂಪರ್‌ಜೈಂಟ್ ಜೋಡಿಗಳೂ ಇವೆ. 2010ರಲ್ಲಿ ಎನ್‌ಜಿಸಿ 300ರಲ್ಲಿ ಸ್ಫೋಟವೊಂದು ಕಂಡು, ಅದಕ್ಕೆ ಸೂಪರ್‌ನೋವಾ 2010ಡಿಎ ಅಂತ ಹೆಸರಿಟ್ಟರು. ಅದು ಸೂಪರ್‌ನೋವಾ ಆಗಿರಲಿಲ್ಲ. ಇಂದು ಅದು ಎನ್‌ಜಿಸಿ 300 ಯುಎಲ್‌ಎಕ್ಸ್-1, 2016ರಲ್ಲಿ ಸುಮಾರು 32 ಸೆಕೆಂಡಿಗೊಮ್ಮೆ ಮಿಡಿಯುತ್ತಿದ್ದ ನ್ಯೂಟ್ರಾನ್ ನಕ್ಷತ್ರ. ಜೋಡಿ ಕೆಂಪು ಸೂಪರ್‌ಜೈಂಟ್ ಎಂದು ಅವಕೆಂಪು ರೋಹಿತ ತೋರಿಸಿತು.

ಅವಕೆಂಪಿನಲ್ಲಿ ಎರಡು ಲಾಭ. ದೂಳು ಕಡಿಮೆ ಅಡ್ಡ ಬರುತ್ತದೆ, ತಟ್ಟೆಯ ಪಾಲೂ ಕಡಿಮೆ. 2.3 ಮೈಕ್ರಾನ್ ಹತ್ತಿರ ಕಾರ್ಬನ್ ಮೊನಾಕ್ಸೈಡಿನ ಪಟ್ಟೆಗಳು ಕಂಡರೆ ತಂಪಾದ ನಕ್ಷತ್ರವೇ ಅಂತ ಖಾತ್ರಿ, ಅದರ ವೇಗವನ್ನೂ ಅಳೆಯಬಹುದು. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಗುರಿಯ ಮೇಲೆ ವೆಬ್ ಚಿತ್ರ ಇದೆಯಾ ಅಂತ ಮೊದಲೇ ನೋಡಿ. ಎಂ82ರಂಥ ದೂಳು ತುಂಬಿದ, ಕಿಕ್ಕಿರಿದ ಕಡೆ ನೀಲಿ ಚಿತ್ರದಲ್ಲಿ ಹುಡುಕುವುದು ವ್ಯರ್ಥ.

ಏನೂ ಸಿಗದಿದ್ದರೆ

ವೃತ್ತ ಖಾಲಿ ಇದ್ದರೂ ಅದು ಫಲಿತಾಂಶವೇ. ಚಿತ್ರದೊಳಗೆ ಗೊತ್ತಿರುವ ಹೊಳಪಿನ ಕೃತಕ ನಕ್ಷತ್ರಗಳನ್ನು ಸೇರಿಸಿ, ಅದೇ ಡಾಲ್‌ಫಾಟ್ ಅವನ್ನು ಎಷ್ಟು ಮಂಕಿನವರೆಗೆ ಹುಡುಕುತ್ತದೆ ನೋಡಿ. ಅರ್ಧದಷ್ಟು ಸಿಗುವ ಕಾಂತಿಮಾನವೇ ನಿಮ್ಮ ಮಿತಿ. ನಮ್ಮ ಉದಾಹರಣೆಯ ದೂರದಲ್ಲಿ ಮಿತಿ 26.5 ಬಂದರೆ ನಿಜವಾದ ಕಾಂತಿಮಾನ −1.8. ಇದಕ್ಕಿಂತ ಪ್ರಖರವಾದ ಒ ವರ್ಗದ ನಕ್ಷತ್ರಗಳು, ಸೂಪರ್‌ಜೈಂಟ್‌ಗಳು ಎಲ್ಲವೂ, ದೂಳಿನ ಅಂದಾಜು ಸರಿಯಿದ್ದರೆ, ಪಟ್ಟಿಯಿಂದ ಹೊರಗೆ. ದೊಡ್ಡ ತಟ್ಟೆಯೂ ಹೊರಗೆ.

ವರದಿ ಬರೆಯುವಾಗ ವೃತ್ತದ ತ್ರಿಜ್ಯ, ಅದು ಎಷ್ಟು ಶೇಕಡಾ ವೃತ್ತ, ಹೊಂದಾಣಿಕೆಗೆ ಬಳಸಿದ ಚುಕ್ಕೆಗಳು, ವೀಕ್ಷಣೆಯ ದಿನಾಂಕಗಳನ್ನು ಬಿಡದೆ ಕೊಡಿ. ವೃತ್ತದೊಳಗೆ ಮೂರು ನಕ್ಷತ್ರಗಳಿದ್ದರೆ ಮೂರನ್ನೂ ಪಟ್ಟಿ ಮಾಡಿ, ನಿಮಗೆ ಇಷ್ಟವಾದದ್ದನ್ನು ಮಾತ್ರ ಅಲ್ಲ. ಮುಂದೆ ಇನ್ಯಾರೋ ಹೆಚ್ಚು ಚಂದ್ರ ದತ್ತಾಂಶ ಸೇರಿಸಿ ವೃತ್ತವನ್ನು ಅರ್ಧಕ್ಕೆ ಇಳಿಸಿದಾಗ, ಉಳಿದ ಎರಡರ ಕಾಂತಿಮಾನ ಮತ್ತು ಬಣ್ಣ ಅವರಿಗೆ ಬೇಕಾಗುತ್ತದೆ.